ಕೆಲವು ಮರಗಳು ಕಾಗೆಗಳು

ನಮ್ಮೂರಿನಲ್ಲಿ ಬ್ಯಾಂಕಿನ ಗುಮಾಸ್ತೆ ಪರೀಕ್ಷೆಗೆ ಕಟ್ಟಿದ ಹುಡುಗಿ ನಾನೊಬ್ಬಳೇ. ಆದರೆ ಓದಿಸಿದ್ದು ಇಡೀ ಊರು. ಮೊದಲ ಸಲ ನಾನು ಫೇಲಾದದ್ದು ಅದಕ್ಕೇ ಎಂದು ಈಗಲೂ ಹೇಳುತ್ತೇನೆ, ಹೇಳುವಾಗ ಈಗಲೂ ಸಿಟ್ಟು ಬರುತ್ತದೆ.

ಎಂಬತ್ತರ ದಶಕದ ಮೊದಲ ವರ್ಷಗಳ ಮಾತು. ಜೀರಹಳ್ಳಿಯ ಆಚೆಗೆ, ಕಾಡಿನ ಅಂಚಿಗೆ ನಮ್ಮೂರು; ಮಾತು ಕನ್ನಡ, ಸರ್ಕಾರ ತಮಿಳುನಾಡಿನದು. ಅಪ್ಪ ಅವ್ವ ಇಬ್ಬರೂ ಕೂಲಿಗೆ ಹೋಗುತ್ತಿದ್ದರು. ಆಲೂಗಡ್ಡೆ ಕಾಲದಲ್ಲಿ ಆಲೂಗಡ್ಡೆ ಕೀಳುವುದು, ರಾಗಿ ಕಾಲದಲ್ಲಿ ರಾಗಿ ಕುಯ್ಯುವುದು. ನಾನು ತಾಳವಾಡಿಗೆ ನಡೆದು ಹೋಗಿ ಕನ್ನಡ ಶಾಲೆಯಲ್ಲಿ ಹತ್ತನೆಯದು ಮುಗಿಸಿ, ಯಾರೂ ಕೇಳದಿದ್ದರೂ ಪ್ಲಸ್ ಟೂ ಕೂಡ ಪಾಸು ಮಾಡಿಕೊಂಡು ಬಂದಿದ್ದೆ. ಆ ಪಾಸನ್ನು ಏನು ಮಾಡಬೇಕೆಂದು ಮನೆಯಲ್ಲಿ ಯಾರಿಗೂ ತಿಳಿಯಲಿಲ್ಲ. ಏಕೆಂದರೆ ನನ್ನ ಗಂಡ ಯಾರೆಂದು ನಾನು ಹುಟ್ಟಿದ ದಿನವೇ ತೀರ್ಮಾನವಾಗಿತ್ತು.

ಅವನು ಅವ್ವನ ತಮ್ಮ, ನನ್ನ ಸೋದರಮಾವ. ನಮ್ಮವರಲ್ಲಿ ಅಕ್ಕನ ಮಗಳ ಮೇಲೆ ಮೊದಲ ಹಕ್ಕು ತಮ್ಮನದು. ಬೇರೆ ಯಾರಾದರೂ ಹೆಣ್ಣು ಕೇಳಬೇಕೆಂದರೆ, ಆ ಮಾವ ಊರಿನ ಕಟ್ಟೆಯ ಮುಂದೆ ನಿಂತು, ಹತ್ತು ಜನರ ಎದುರು ಎಲೆಅಡಿಕೆ ಇಟ್ಟು, ‘ಬುಟ್ಟೆ’, ಎಂದರೆ ಹಕ್ಕು ಬಿಟ್ಟುಕೊಟ್ಟೆ, ಎನ್ನಬೇಕು. ಅವನು ಹಾಗೆ ಅನ್ನುವವರೆಗೆ ಹುಡುಗಿ ಅವನದೇ.

ಮಾವ ಕೆಟ್ಟವನಾಗಿದ್ದರೆ ನನಗೆ ಸುಲಭವಾಗುತ್ತಿತ್ತು. ನನಗಿಂತ ಏಳೆಂಟು ವರ್ಷ ದೊಡ್ಡವನು. ಎಸ್ಸೆಸ್ಸೆಲ್ಸಿ ಮುಗಿಸಿ, ಬಿದಿರು ಕಡಿಸುವ ಕಂಟ್ರಾಕ್ಟರನ ಹತ್ತಿರ ಲಾರಿ ಲೆಕ್ಕ ಬರೆಯುತ್ತಿದ್ದ. ನಾನು ಚಿಕ್ಕವಳಿದ್ದಾಗ ಹೆಗಲ ಮೇಲೆ ಕೂರಿಸಿಕೊಂಡು ಶಾಲೆಗೆ ಬಿಟ್ಟು ಬರುತ್ತಿದ್ದವನು, ತನ್ನ ಟವೆಲಿನಿಂದಲೇ ನನ್ನ ಮೂಗು ಒರೆಸುತ್ತಿದ್ದವನು ಅವನು. ಆ ಕೈಯಿಂದ ತಾಳಿ ಕಟ್ಟಿಸಿಕೊಳ್ಳಲಾರೆ ಎಂದು ಅಪ್ಪನ ಮುಂದೆ ಅತ್ತೆ, ಬ್ಯಾಂಕಿನ ಪರೀಕ್ಷೆ ಬರೆಯುತ್ತೇನೆ ಎಂದು ಉಣ್ಣದೆ ಕೂತೆ. ಅವ್ವನದು ಒಂದೇ ಮಾತು.

“ನನ್ ತಮ್ಮನ್ ಮನ್ಸ ನೋಯಿಸ್ಬ್ಯಾಡ ಕಣಮ್ಮಿ. ನಿನ್ನೇ ನಂಬ್ಕಂಡು ಕುಂತವ್ನ.”

ಅಪ್ಪ ಯಾವುದನ್ನೂ ತಾನಾಗಿ ತೀರ್ಮಾನಿಸುವ ಮನುಷ್ಯನಲ್ಲ. ಕೋಳಿ ಕಳೆದರೂ ಕಟ್ಟೆಗೆ ಹೋಗುತ್ತಿದ್ದ. ನನ್ನನ್ನೂ ಕಟ್ಟೆಗೆ ಒಯ್ದ. ಅಲ್ಲಿ ನ್ಯಾಯ ಹೇಳುತ್ತಿದ್ದವರು ನಮ್ಮ ಬೀದಿಯ ಯಜಮಾನರು. ಎಲೆಅಡಿಕೆಯಿಂದ ಕೆಂಪಾದ ಬಾಯಿ, ಯಾರನ್ನೂ ಬೇಸರಪಡಿಸಿ ಕಳಿಸದ ಸ್ವಭಾವ. ಅವರ ನ್ಯಾಯಕ್ಕೆ ಇದ್ದ ಸೂತ್ರ ಒಂದೇ: ಎರಡು ಕಡೆಯವರೂ ಸ್ವಲ್ಪ ಸ್ವಲ್ಪ ಬಿಟ್ಟುಕೊಡಬೇಕು, ಇಬ್ಬರೂ ಅರ್ಧ ಸಂತೋಷದಿಂದ ಮನೆಗೆ ಹೋಗಬೇಕು. ನನ್ನ ವಿಷಯದಲ್ಲೂ ಅದೇ ಆಯಿತು.

“ಬ್ಯಾಂಕ್ ಪರೀಚ್ಚೆ ಬರೀಲಿ. ಪಾಸಾದ್ರ ಕೆಲ್ಸಕ್ಕ ಓಗ್ಲಿ, ಮದ್ವ ಬ್ಯಾಡ. ಪೇಲಾದ್ರ ಸಂಕ್ರಾಂತಿ ಕಳದ ಮ್ಯಾಲ ಮದ್ವ.”

ಗುಂಪಿನ ಹಿಂದೆ ನಿಂತಿದ್ದ ಮಾವ ಆಗ ಎಲ್ಲರೂ ನಗುವಂಥ ಮಾತೊಂದನ್ನು ಆಡಿದ. “ನಾನೇ ಯೋಳ್ಕೊಡ್ತಿನಿ.” ಪಾಸಾದರೆ ಕಳೆದುಕೊಳ್ಳುವವನೇ ಪಾಠ ಹೇಳುತ್ತೇನೆಂದರೆ ಯಾರು ನಗುವುದಿಲ್ಲ? ನಾನು ನಗಲಿಲ್ಲ. ಇವನು ಬೇಕೆಂದೇ ತಪ್ಪು ತಪ್ಪು ಕಲಿಸುತ್ತಾನೆ ಎಂದು ಆ ಕ್ಷಣವೇ ತೀರ್ಮಾನಿಸಿದೆ.

ಮಾವ ಸತ್ಯಮಂಗಲಕ್ಕೆ ಇಳಿದು ಹೋಗಿ ಹಳೆಯ ಗೈಡೊಂದನ್ನು ಹಿಡಿದು ತಂದ. ತಮಿಳಿನದು, ನಡುವೆ ಇಂಗ್ಲಿಷ್ ಭಾಗ. ಬರುವಾಗ ಬಸ್ಸು ಘಾಟಿಯ ತಿರುವುಗಳನ್ನೆಲ್ಲ ಹತ್ತಿ ದಿಂಬಂನಲ್ಲಿ ನಿಂತಿದೆ. ಮಾವ ಗೈಡನ್ನು ಟೀ ಅಂಗಡಿಯ ಬೆಂಚಿನ ಮೇಲಿಟ್ಟು ಕೈ ತೊಳೆಯಲು ಹೋಗಿದ್ದಾನೆ. ಅಂಗಡಿಯವಳು ಅದನ್ನು ರದ್ದಿ ಎಂದುಕೊಂಡು ಹಿಂದಿನಿಂದ ಹಾಳೆ ಹರಿದು ಬೋಂಡ ಕಟ್ಟಿಕೊಡಲು ಶುರು ಮಾಡಿದ್ದಾಳೆ. ಬಸ್ಸಿನಲ್ಲಿದ್ದವರೆಲ್ಲ ತಿಂದಿದ್ದಾರೆ, ಮಾವನೂ ತಿಂದಿದ್ದಾನೆ. ಗೈಡಿನ ಹಿಂದಿನ ಹಾಳೆಗಳಲ್ಲಿ ಇದ್ದದ್ದು ಉತ್ತರಗಳು. ನಮಗೆಂದು ಕಟ್ಟಿಸಿಕೊಂಡು ಬಂದಿದ್ದ ಬೋಂಡದ ಕಾಗದ ಬಿಡಿಸಿ ನೋಡಿದರೆ, ಎಣ್ಣೆ ಕುಡಿದ ಆ ಹಾಳೆಯಲ್ಲಿ ಸಾಮಾನ್ಯ ಜ್ಞಾನದ ಕೆಲವು ಉತ್ತರಗಳಷ್ಟೇ ಇದ್ದವು. ಪದಬಳಕೆಯವೂ ತರ್ಕದವೂ ಯಾರ್ಯಾರದೋ ಕೈಯಲ್ಲಿ ಊರೂರಿಗೆ ಇಳಿದು ಹೋಗಿದ್ದವು.

“ಬೇಕಂತ್ಲೇ ಹರಿಸ್ದೆ ನೀನು” ಎಂದೆ.

“ಬೋಂಡ ಬಿಸಿಗಿತ್ತು ಕಣಮ್ಮಿ” ಎಂದ. ಅದು ಉತ್ತರವೇ ಅಲ್ಲ.

ಪದಬಳಕೆಯಿಂದ ಶುರು ಮಾಡಿದೆವು. ಹೊಸ ಪದ ಕಲಿತರೆ ಅದನ್ನು ದಿನವಿಡೀ ಮನೆಯವರೊಡನೆ ಬಳಸಬೇಕು, ಇಲ್ಲದಿದ್ದರೆ ನಾಲಿಗೆಗೆ ಹತ್ತುವುದಿಲ್ಲ ಎಂದು ಗೈಡಿನ ಮುನ್ನುಡಿಯಲ್ಲಿತ್ತು. ಮಾವ ಅದನ್ನು ದೇವರ ಮಾತಿನಂತೆ ಹಿಡಿದ. ‘ಆದ್ದರಿಂದ’ ಎನ್ನಲು ದೇರ್‌ಫೋರ್, ‘ಹಾಗಿದ್ದರೂ’ ಎನ್ನಲು ನೆವರ್‌ದಿಲೆಸ್. ನಾನು ಒಲೆಯ ಮುಂದೆ ಕೂತು, “ಅವ್ವ, ಸೌದೆ ಹಸೀದು, ದೇರ್‌ಫೋರ್ ಮುದ್ದೆ ತಡ” ಎನ್ನುತ್ತಿದ್ದೆ. ಅವ್ವ ಮೊದಮೊದಲು ಬೈದಳು. ಆಮೇಲೆ ಆ ಪದದ ಗಟ್ಟಿತನ ಅವಳಿಗೆ ಹಿಡಿಸಿತು. ಅರ್ಥ ಬೇಕಿರಲಿಲ್ಲ. ಎಮ್ಮೆ ಹಾಲು ಕೊಡದೆ ಒದ್ದರೆ “ದೇರ್‌ಪೋರ್!” ಎಂದು ಅದರ ಬೆನ್ನಿಗೆ ಹೊಡೆಯುವಳು. ನಾನು ಮದುವೆ ಬೇಡವೆಂದರೆ “ದೇರ್‌ಪೋರ್!” ಎಂದು ಮಾತು ಮುಗಿಸುವಳು. ವಾರ ಕಳೆಯುವಷ್ಟರಲ್ಲಿ ಬೀದಿಯ ಹೆಂಗಸರೆಲ್ಲ ನಲ್ಲಿಯ ಹತ್ತಿರ ಅದೇ ಪದದಲ್ಲಿ ಜಗಳ ಮಾಡುತ್ತಿದ್ದರು, ನನಗೆ ಮಾತ್ರ ಅದನ್ನು ವಾಕ್ಯದಲ್ಲಿ ಎಲ್ಲಿಡಬೇಕೆಂದು ಗೊಂದಲವಾಗತೊಡಗಿತ್ತು.

ತರ್ಕದ ಭಾಗಕ್ಕೆ ಬಂದಾಗ ನಿಜವಾದ ಅನಾಹುತ ಆಯಿತು. ಹಸು, ಎಮ್ಮೆ, ಆಡು, ಆನೆ, ಈ ನಾಲ್ಕರಲ್ಲಿ ಗುಂಪಿಗೆ ಸೇರದ್ದು ಯಾವುದು? ನಾನು ಆನೆ ಎಂದೆ. ಮಾವ, “ಯಾಕ? ಅದೂ ದಿನಾ ಒಲಕ್ಕ ಬರಕಿಲ್ವಾ?” ಎಂದ. ದನಿ ಏರಿತು. ಉತ್ತರದ ಹಾಳೆಯಂತೂ ಇಲ್ಲ. ಜಗಲಿಯಲ್ಲಿ ಕೂತಿದ್ದ ಅಪ್ಪ ಟವೆಲ್ ಕೊಡವಿ ಹೆಗಲಿಗೆ ಹಾಕಿಕೊಂಡು ಎದ್ದ. ಇನ್ನೆಲ್ಲಿಗೆ, ಕಟ್ಟೆಗೆ.

ಯಜಮಾನರು ಪ್ರಶ್ನೆಯನ್ನು ಪೂರ್ತಿ ಕೇಳಿಸಿಕೊಂಡರು, ಎಲೆಗೆ ಸುಣ್ಣ ಹಚ್ಚಿದರು, ಆಡು ಎಂದು ತೀರ್ಪು ಕೊಟ್ಟರು. ಹಸು ಕಾಡಿಗೆ ಮೇಯಲು ಹೋಗಬಹುದು, ಎಮ್ಮೆ ಹೋಗಬಹುದು, ಆನೆ ಅಲ್ಲಿಯದೇ. ಫಾರೆಸ್ಟ್ ಗಾರ್ಡು ಹಿಡಿದು ದಂಡ ಹಾಕುವುದು ಆಡಿಗೆ ಮಾತ್ರ. ಸೇರಿದ್ದವರೆಲ್ಲ ಹೌದೌದು ಎಂದರು. ಮಾವನೂ ಹೌದು ಎಂದ. ನಾನು ಗೈಡಿನಲ್ಲಿ ಆಡಿಗೆ ಗೆರೆ ಹಾಕಿದೆ, ಹಾಕುವಾಗ ಪೆನ್ಸಿಲ್ ಮುರಿಯುವಷ್ಟು ಕೋಪವಿತ್ತು.

ಅಲ್ಲಿಂದ ಮುಂದೆ ಪ್ರತಿ ಸಂಜೆ ನನ್ನ ಪಾಠ ಕಟ್ಟೆಯಲ್ಲೇ. ಕೂಲಿ ಮುಗಿಸಿ ಬಂದವರು ಕೈಕಾಲು ತೊಳೆದು ನೇರ ಅಲ್ಲಿಗೆ ಬರುತ್ತಿದ್ದರು. ನಾನು ತಮಿಳಿನಲ್ಲಿ ಓದಿ ನಮ್ಮ ಮಾತಿನಲ್ಲಿ ಹೇಳಬೇಕು. ಅವರು ಕೇಸು ನಡೆಸಬೇಕು.

“ಎಲ್ಲ ಮರಗಳೂ ಬಸ್ಸುಗಳು. ಎಲ್ಲ ಬಸ್ಸುಗಳೂ ಕಾಗೆಗಳು” ಎಂದು ಓದಿದೆ ಒಂದು ಸಂಜೆ.

“ಯಾವ ಬಸ್ಸು?” ಎಂದರು ಯಜಮಾನರು. “ಸತ್ಯಮಂಗಲದ್ದಾ, ಚಾಮರಾಜನಗರದ್ದಾ?”

“ಯಾವ್ದೂ ಅಲ್ಲ ತಾತ. ಸುಮ್ನ ಅಂದ್ಕಬೇಕು ಅಷ್ಟೇಯ.”

“ಸುಮ್ನ ಅಂದ್ಕಂಡು ನ್ಯಾಯ ಯೋಳಕಾದದಾ?” ಎಂದು ಅವರು ನನ್ನನ್ನೇ ಗದರಿದರು. ಆಮೇಲೆ ಕರುಣೆಯಿಂದ ಕೇಳಿದರು: “ಆಯ್ತು, ಈಗ ಏನಂತ ಕೇಳ್ತವ್ರ?”

ಎಲ್ಲ ಮರಗಳೂ ಕಾಗೆಗಳೇ, ಕೆಲವು ಮರಗಳು ಮಾತ್ರ ಕಾಗೆಗಳೇ, ಯಾವ ಮರವೂ ಕಾಗೆಯಲ್ಲವೇ ಎಂದು ವಿವರಿಸಿದೆ. ಸಭೆಯಲ್ಲಿ ಎರಡು ಪಕ್ಷವಾಯಿತು. ಯಾವ ಮರವೂ ಅಲ್ಲ ಎನ್ನುವವರೇ ಹೆಚ್ಚು. ಅಪ್ಪನೊಬ್ಬ, ಅಚ್ಚಾದ ಮೇಲೆ ಸುಳ್ಳಿರಲಾರದು, ಎಲ್ಲವೂ ಕಾಗೆಗಳೇ ಎಂದು ಪಟ್ಟು ಹಿಡಿದ. ಯಜಮಾನರು ಕೈ ಎತ್ತಿದರು.

“ಎಲ್ಲಾ ಅಂದ್ರ ಬಾಳ ಆಯ್ತದ. ಯಾವ್ದೂ ಇಲ್ಲ ಅಂದ್ರ ಬರ್ದೋನ್ಗ ನೋವಾಯ್ತದ. ಕೆಲವು ಅಂತ ಮಾಡ್ಬುಡು ಕಣಮ್ಮಿ.”

ಕೆಲವು ಮರಗಳು ಕಾಗೆಗಳಾದವು. ಎಲ್ಲರೂ ಅರ್ಧ ಸಂತೋಷದಿಂದ ಮನೆಗೆ ಹೋದರು.

ಆರು ಜನ ದುಂಡು ಮೇಜಿನ ಸುತ್ತ ಕೂತಿದ್ದಾರೆ, ಎ ಎಂಬವನು ಬಿ ಪಕ್ಕದಲ್ಲಿ ಕೂರುವುದಿಲ್ಲ, ಸಿ ಎದುರಿಗೆ ಯಾರು? ಈ ಪ್ರಶ್ನೆ ಎರಡು ಸಂಜೆ ನಡೆಯಿತು. ಸಿ ಎದುರಿಗೆ ಯಾರಿದ್ದಾರೆಂಬುದು ಅವರಿಗೆ ಮುಖ್ಯವಾಗಲೇ ಇಲ್ಲ. ಎ ಯಾಕೆ ಬಿ ಪಕ್ಕದಲ್ಲಿ ಕೂರುವುದಿಲ್ಲ? ಏನು ಜಗಳ? ಬೇಲಿಯ ಜಗಳವೇ, ನೀರಿನದೇ? ಯಾರೂ ಕರೆದು ಕೇಳಲಿಲ್ಲವೇ? ಕೊನೆಗೆ ಎ, ಬಿ ಇಬ್ಬರನ್ನೂ ಅಕ್ಕಪಕ್ಕ ಕೂರಿಸಿ, ಒಂದೇ ತಟ್ಟೆಯಿಂದ ಎಲೆ ತೆಗೆಸಿ, ರಾಜಿ ಮಾಡಿಸಿದರು. ಒಬ್ಬ ಉತ್ತರಕ್ಕೆ ನಡೆದು ಬಲಕ್ಕೆ ತಿರುಗಿ ಮತ್ತೆ ಬಲಕ್ಕೆ ತಿರುಗಿದರೆ ಹೊರಟಲ್ಲಿಂದ ಎಷ್ಟು ದೂರದಲ್ಲಿದ್ದಾನೆ ಎಂಬುದಕ್ಕೂ ಹೀಗೇ. ಹೊತ್ತು ಮುಳುಗುವ ವೇಳೆಯಲ್ಲಿ ತಾಳಮಲೆ ಕಾಡಿನ ಕಡೆಗೆ ಒಂಟಿ ಮನುಷ್ಯನನ್ನು ಬಿಟ್ಟು ಬಂದು ಯಾರಿಗೂ ಊಟ ಸೇರುತ್ತಿರಲಿಲ್ಲ. ಗೈಡಿನಲ್ಲಿ ನಡೆಯಲು ಹೊರಟ ಪ್ರತಿಯೊಬ್ಬನನ್ನೂ ಅವರು ಮನೆಗೆ ತಲುಪಿಸಿಯೇ ಎದ್ದರು. ಉತ್ತರ ಯಾವಾಗಲೂ ಸೊನ್ನೆ.

ನಾನು ಹಲ್ಲು ಕಚ್ಚಿಕೊಂಡಿದ್ದೆ. ಮಾವ ಮಾತ್ರ ಕಟ್ಟೆಯ ಮೂಲೆಯಲ್ಲಿ ಮೊಣಕಾಲು ತಬ್ಬಿ ಕೂತು, ಅವರು ಹೇಳಿದ್ದಕ್ಕೆಲ್ಲ “ಅದೇ ಸರಿ” ಎನ್ನುತ್ತಿದ್ದ. ಮನೆಗೆ ಬಂದ ಮೇಲಾದರೂ, ಅದು ತಪ್ಪು ಕಣಮ್ಮಿ ಎನ್ನಬಾರದೇ? ಅನ್ನುತ್ತಿರಲಿಲ್ಲ. ನನ್ನ ಅನುಮಾನ ಗಟ್ಟಿಯಾಗುತ್ತಲೇ ಹೋಯಿತು.

ರಕ್ತಸಂಬಂಧದ ಪ್ರಶ್ನೆಗಳನ್ನು ನಾನು ಮುಂದಕ್ಕೆ ತಳ್ಳುತ್ತ ಬಂದಿದ್ದೆ. ಕೊನೆಗೊಂದು ದಿನ ತಪ್ಪಿಸಲಾಗಲಿಲ್ಲ. ಹೆಂಗಸೊಬ್ಬಳು ಒಬ್ಬ ಗಂಡಸನ್ನು ತೋರಿಸಿ, ‘ಇವನ ಅಕ್ಕ ನನ್ನ ತಾಯಿ’ ಎಂದಳು. ಅವನು ಅವಳಿಗೆ ಏನಾಗಬೇಕು? ಅಣ್ಣ, ಗಂಡ, ಮಾವ, ತಂದೆ.

“ಗಂಡ!” ಎಂದು ಇಡೀ ಕಟ್ಟೆ ಕೂಗಿ ನಕ್ಕಿತು. ಗೈಡು ಬಂದ ಮೇಲೆ ಅವರೆಲ್ಲ ಒಮ್ಮತಕ್ಕೆ ಬಂದ ಪ್ರಶ್ನೆ ಅದೊಂದೇ. ಯಜಮಾನರಿಗೆ ಅದೂ ಒರಟೆನಿಸಿತೇನೋ, ತಿದ್ದಿದರು: “ಮಾವನೂ ಸೈ, ಗಂಡನೂ ಸೈ. ಇವತ್ತು ಮಾವ, ಸಂಕ್ರಾಂತಿ ಕಳದ ಮ್ಯಾಲ ಗಂಡ.” ನನಗೆ ಭೂಮಿ ಬಾಯಿ ಬಿಡಬಾರದೇ ಎನಿಸಿತು. ಮಾವನ ಕಡೆ ನೋಡಿದೆ. ಅವನು ನಗುತ್ತಿರಲಿಲ್ಲ. ಎದ್ದು, ನನ್ನ ಕೈಯಿಂದ ಗೈಡು ತೆಗೆದುಕೊಂಡು ಮಡಚಿ, “ಇವತ್ಗ ಸಾಕು” ಎಂದು ಹೊರಟುಹೋದ.

ಪರೀಕ್ಷೆ ಈರೋಡಿನಲ್ಲಿ. ಹಿಂದಿನ ದಿನವೇ ಇಳಿದು ನೆಂಟರ ಮನೆಯಲ್ಲಿ ಉಳಿಯಬೇಕು. ಜೊತೆಗೆ ಹೊರಟವನು ಮಾವ. ಹಕ್ಕಿನ ಮಾವನೊಡನೆ ಹೋದರೆ ಯಾರೂ ಏನೂ ಅನ್ನುವಂತಿಲ್ಲ. ಬಸ್ಸು ಹತ್ತಿಸಲು ಕಟ್ಟೆಯವರೆಲ್ಲ ಬಂದಿದ್ದರು. ಯಜಮಾನರು ಕಿಟಕಿಯಿಂದ ನನ್ನ ತಲೆ ಸವರಿ, “ಯಾರ್ಗೂ ನೋವಾಗ್ದಂಗ ಬರಿ ಕಣವ್ವ” ಎಂದರು.

ಪರೀಕ್ಷೆಯ ಬಾಗಿಲಲ್ಲಿ ಕಾವಲಿನವನು ಜೊತೆಗೆ ಬಂದವರನ್ನೆಲ್ಲ ಹೊರಗೆ ತಡೆಯುತ್ತಿದ್ದ. ನಾನು ಒಳಗೆ ಹೋಗಿ ತಿರುಗಿ ನೋಡಿದರೆ ಮಾವನೂ ಒಳಗೆ ಬರುತ್ತಿದ್ದಾನೆ. ಜೇಬಿನಲ್ಲಿ ಅವನದೇ ಹಾಲ್ ಟಿಕೆಟ್ಟು.

“ಇದೇನ?”

“ನಿನ್ನೊಂದ್ಗ ನಾನೂ ಕಟ್ಟಿದ್ದೆ. ವರಗ ಸುಮ್ನ ಕುಂತು ಏನ್ ಮಾಡ್ಲಿ?”

ಮರವೇ ಬಸ್ಸಾಗುವ ದಿನಗಳು ಅವು. ಆದರೂ ನನ್ನನ್ನು ಕಟ್ಟಿಕೊಳ್ಳಲು ಕಾದಿರುವವನು ನನ್ನ ಮುಂದಿನ ಸಾಲಿನಲ್ಲಿ ಕೂತು ಪೆನ್ನಿಗೆ ಇಂಕು ಬರುತ್ತದೆಯೇ ಎಂದು ನೋಡಿಕೊಳ್ಳುವುದನ್ನು ಕಂಡು ನನಗೆ ತಲೆ ಕೆಟ್ಟಿತು. ಪ್ರಶ್ನೆಪತ್ರಿಕೆ ಬಂತು. ಮೊದಲ ಪ್ರಶ್ನೆ ನೋಡಿದೆ, ಯಜಮಾನರ ಕೆಂಪು ಬಾಯಿ ಕಂಡಿತು. ಯಾರೋ ಯಾರ ಪಕ್ಕದಲ್ಲೋ ಕೂರುವುದಿಲ್ಲವಂತೆ. ಸರಿ ಉತ್ತರ ಇದಿರಬಹುದು ಎಂದು ತೋಚಿದ ಕೂಡಲೇ, ಅಷ್ಟು ಖಂಡಿತವಾಗಿ ಹೇಳಿದರೆ ಇನ್ನೊಬ್ಬನ ಗತಿಯೇನು ಎಂದು ಕೈ ಹಿಂಜರಿಯಿತು. ಕೆಲವು ಬೆಕ್ಕುಗಳನ್ನು ಛತ್ರಿ ಮಾಡಿದೆ. ಹೊರಟವರನ್ನೆಲ್ಲ ಮನೆಗೆ ತಂದೆ. ಗಂಟೆ ಹೊಡೆದಾಗ ಕಾಗದದಲ್ಲಿ ಎಲ್ಲರೂ ರಾಜಿಯಾಗಿದ್ದರು, ನಾನು ಫೇಲಾಗಿದ್ದೆ.

ಫಲಿತಾಂಶ ಪತ್ರಿಕೆಯಲ್ಲಿ ಬಂತು. ನನ್ನ ನಂಬರು ಇರಲಿಲ್ಲ. ಮಾವನದು ಇತ್ತು.

ಊರಿಗೆ ಹಬ್ಬ. ಅವ್ವ ಹೊಲದಿಂದ ಓಡಿ ಬಂದಳು. ಅವಳ ಲೆಕ್ಕದಲ್ಲಿ ಇದಕ್ಕಿಂತ ಒಳ್ಳೆಯದು ಇರಲಿಲ್ಲ: ಮಗಳು ಫೇಲು, ದೇರ್‌ಪೋರ್ ಮದುವೆ; ಗಂಡು ಬ್ಯಾಂಕ್ ಗುಮಾಸ್ತೆ. ನಾನು ಹಿತ್ತಲಿಗೆ ಹೋಗಿ ಎಮ್ಮೆಯ ಮುಂದೆ ಕೂತು ಅತ್ತೆ. ಎಷ್ಟು ಓದಿದ್ದೆ, ಎಷ್ಟು ಹಂಬಲಿಸಿದ್ದೆ. ನನ್ನ ಬಾಗಿಲು ಮುಚ್ಚಿ ಅದೇ ಬಾಗಿಲಿನಿಂದ ಅವನು ಹೊರಗೆ ಹೋಗಿದ್ದ.

ಆಮೇಲೆ ನಡೆದದ್ದು ಗೈಡಿನಲ್ಲಿ ಇರಲಿಲ್ಲ. ವಾರದೊಳಗೆ ಅಜ್ಜಿ, ಎಂದರೆ ಅವ್ವನನ್ನೂ ಮಾವನನ್ನೂ ಹೆತ್ತವಳು, ನಮ್ಮ ಜಗಲಿಗೆ ಬಂದು ಕೂತಳು. ನೀರು ಕೊಟ್ಟರೆ ಕುಡಿಯಲಿಲ್ಲ.

“ಗುಂಡ್ಲುಪೇಟೆ ಕಡಿಂದ ಕೇಳ್ಕಂಡು ಬಂದವ್ರ” ಎಂದಳು. “ಚಿನ್ನ ಆಕ್ತಾರಂತ. ನನ್ ಮಗ ಈಗ ಬ್ಯಾಂಕ್‌ನೋನು ಕಣ. ಪೇಲಾದ ಎಣ್ಣ ಕಟ್ಕಂಡು ಏನ್ ಮಾಡನು?”

ಅವ್ವ ಕೈಯಲ್ಲಿದ್ದ ಮೊರವನ್ನು ಹಾಗೇ ಕೆಳಗಿಟ್ಟಳು. ನಾನು? ಸಂತೋಷಪಡಬೇಕಿತ್ತಲ್ಲ. ಬೇಡ ಬೇಡವೆಂದು ಅತ್ತವಳಿಗೆ, ಸರಿ ಬೇಡ ಎಂದಿದ್ದರು. ಆದರೆ ಮೈಯೆಲ್ಲ ಉರಿಯಿತು. ನಾನು ಅವನನ್ನು ಬೇಡವೆನ್ನಬಹುದು, ಅವನು ನನ್ನನ್ನು ಬೇಡವೆನ್ನುವುದೆಂದರೇನು?

ಕಟ್ಟೆ ಸೇರಿತು. ಯಜಮಾನರು ತಮ್ಮ ಎಲ್ಲ ನಡುದಾರಿಗಳನ್ನೂ ಮುಂದಿಟ್ಟರು. ಒಂದು ವರ್ಷ ತಡೆಯಿರಿ, ಹುಡುಗಿ ಮತ್ತೆ ಬರೆಯಲಿ. ಅರ್ಧ ಚಿನ್ನ ಇವರೂ ಹಾಕಲಿ. ಅಷ್ಟು ಸಂಜೆ “ಅದೇ ಸರಿ” ಎಂದಿದ್ದ ಮಾವ ಆ ದಿನ ಯಾವುದನ್ನೂ ಒಪ್ಪಲಿಲ್ಲ. ಎಲೆಅಡಿಕೆ ಇಟ್ಟ. ಅಕ್ಕನ ಮುಖ ನೋಡದೆ, “ಬುಟ್ಟೆ” ಎಂದ. ಅವ್ವ ಸೆರಗು ಕೊಡವಿ, “ನಂಗ ತಮ್ಮ ಇಲ್ಲ” ಎಂದು ಮನೆಗೆ ನಡೆದಳು. ಅಂದಿನಿಂದ ಅವನ ಹೆಸರೆತ್ತಲಿಲ್ಲ, ಶಪಿಸುವಾಗಲೂ “ಆ ಬ್ಯಾಂಕ್‌ನೋನು” ಎಂದೇ ಶಪಿಸಿದಳು.

ಅವನು ಕೆಲಸಕ್ಕೆ ಹೊರಡುವ ಬೆಳಿಗ್ಗೆ ನಾನು ಬಸ್ಸಿನ ಹತ್ತಿರ ಹೋದೆ. ಉಗಿದು ಬರೋಣವೆಂದೇ ಹೋಗಿದ್ದೆ. ಟ್ರಂಕಿನ ಮೇಲೆ ಒಬ್ಬನೇ ಕೂತಿದ್ದ.

“ಅಷ್ಟು ಕೆಟ್ಟೋಳಾ ನಾನು?”

“ನಿನ್ ಮೂಗ ಒರಸಿವ್ನಿ ಕಣಮ್ಮಿ ನಾನು” ಎಂದ. “ನಿನ್ನ ಎಂಗ ಮದ್ವ ಆಗ್ಲಿ? ಬ್ಯಾಡ ಅಂದ್ರ ಅಕ್ಕ ಎದ ಒಡ್ಕಂಡು ಸಾಯ್ತಿದ್ಲು. ನೀನು ಪಾಸಾದ್ರ ಸರ್ಯೋಯ್ತದ ಅಂತ ಗೈಡ್ ತಂದೆ. ಕಾಗ ಲೆಕ್ಕದ ದಿನ ಗೊತ್ತಾಗೋಯ್ತು, ನೀನು ಪಾಸಾಗಕಿಲ್ಲ ಅಂತ.”

“ಅದ್ಕ?”

“ನಂಗ ಕೆಲ್ಸ ಸಿಕ್ರ ನಮ್ಮವ್ವನೇ ನಿನ್ನ ಬ್ಯಾಡ ಅಂತಳ. ಅದೊಂದ್ ಮಾತ್ರ ನಂಗ ಗೊತ್ತಿತ್ತು. ನಿನ್ನೊಂದ್ಗ ಸುಮ್ನ ಕಟ್ಟಿದ್ದೋನು, ಅದ್ಕೇ ಮನ್ಸಿಟ್ಟು ಬರ್ದೆ.” ಟ್ರಂಕಿನ ಬೀಗ ಎಳೆದು ನೋಡಿ ಸೇರಿಸಿದ: “ಎ, ಬಿ, ಸಿ ಯಾರೂ ನಮ್ಮೂರೋರಲ್ಲ ಅಂದ್ಕಂಡೆ. ಸುಲ್ಬ ಆಯ್ತು.”

ಅಕ್ಕನಿಗೆ ಹೇಳಬೇಡ, ಹೇಳಿದರೆ ಕರೆದೊಯ್ದು ಇವತ್ತೇ ತಾಳಿ ಕಟ್ಟಿಸುತ್ತಾಳೆ ಎಂದ. ಬಸ್ಸು ಬಂತು. ನಾನು ಉಗಿಯಲಿಲ್ಲ. ಟ್ರಂಕಿನ ಇನ್ನೊಂದು ಕಡೆ ಹಿಡಿದು ಹತ್ತಿಸಿದೆ.

ಮುಂದಿನ ವರ್ಷ ಹೊಸ ಗೈಡು ತರಿಸಿ, ಎಮ್ಮೆಯ ಪಕ್ಕದಲ್ಲಿ ಕೂತು ಒಬ್ಬಳೇ ಓದಿದೆ. ಮತ್ತೊಮ್ಮೆ ಫೇಲಾಗಿ, ಆಮೇಲೆ ಸರ್ಕಾರಿ ಕಚೇರಿಯೊಂದರಲ್ಲಿ ಗುಮಾಸ್ತೆಯಾದೆ. ಮಾವ ಸತ್ಯಮಂಗಲದಾಚೆಯ ಗೋಬಿಯಲ್ಲಿ ಮನೆ ಮಾಡಿದ್ದ, ಮದುವೆಯಾಗಿತ್ತು, ಮಕ್ಕಳಾಗಿದ್ದವು. ಅವ್ವ ಅವುಗಳ ಮುಖ ನೋಡಿರಲಿಲ್ಲ. ಎಂಬತ್ತರ ದಶಕ ಮುಗಿಯುತ್ತ ಬಂದಾಗ ನನಗೂ ಗಂಡು ಗೊತ್ತಾಯಿತು. ಲಗ್ನದ ಸೀರೆಗೆ ಅರಿಶಿನ ಹಚ್ಚುತ್ತ ಅವ್ವ ಮತ್ತೆ ಶುರು ಮಾಡಿದಳು. ಆ ಬ್ಯಾಂಕ್‌ನೋನು ಚಿನ್ನದ ಆಸೆಗೆ ನನ್ನ ಮಗಳನ್ನು ಬಿಟ್ಟ ಎಂದು. ಅಷ್ಟು ವರ್ಷ ನುಂಗಿಕೊಂಡಿದ್ದೆ, ಆ ದಿನ ತಡೆಯಲಾಗಲಿಲ್ಲ. ಸಿಟ್ಟಿನಲ್ಲೇ ಎಲ್ಲವನ್ನೂ ಹೇಳಿಬಿಟ್ಟೆ. ಮೂಗು, ಕಾಗೆ, ಅಜ್ಜಿ, ಟ್ರಂಕು, ಎಲ್ಲ.

ಅವ್ವನ ಅರಿಶಿನದ ಕೈ ಸೀರೆಯ ಮೇಲೆ ನಿಂತಿತು.

“ಅವ್ನೂ ಬ್ಯಾಡ ಅಂತಿದ್ನಾ?” ಎಂದಳು. “ನಂಗೂ ಬ್ಯಾಡ್ವಾಗಿತ್ತು ಕಣಮ್ಮಿ. ನನ್ ಮಡ್ಲಲ್ಲಿ ಇಬ್ರೂ ಒಟ್ಗ ಬೆಳ್ದೋರು, ಮಕ್ಳಂಗ ಇದ್ರಿ. ಅವ್ನ್ಗ ಆಸ ಅದ ಅನ್ಕಂಡು ಬಾಯ್ಬುಡ್ನಿಲ್ಲ.”

ಅವ್ವ ಕೈ ತೊಳೆದುಕೊಂಡು ಬಂದಳು, ಗೂಟದಲ್ಲಿದ್ದ ಒಗೆದ ಸೀರೆ ತೆಗೆದು ಉಟ್ಟಳು, ಚೀಲದಲ್ಲಿ ಒಂದಿಷ್ಟು ಅವರೆಕಾಯಿ ತುಂಬಿದಳು.

“ಗೋಬಿಗ ಓಗಕ ಎಲ್ಲಿ ಇಳೀಬೇಕು?” ಎಂದು ಕೇಳಿದಳು.